ಕೆಸರು ಬೂಟಿನ ತಂಡ

ಬೂಟಣ್ಣ ಕೈಯಲ್ಲಿ ಚೀಲ ಹಿಡಿದು ಬೀದಿಗಿಳಿದ ಅಂದರೆ ಸಾಕು, ಮೈದಾನದ ಹಿಂದಿನ ಬೀದಿಗಳಲ್ಲಿ ಆಟಗಾರರಿದ್ದ ಅಷ್ಟೂ ಮನೆಗಳಲ್ಲಿ ಎದೆ ಡವಡವ. ಕಿಟಕಿಯ ಪರದೆ ಸರಿಯೋದು, ಯಾರೋ ಇಣುಕೋದು, "ನಮ್ಮನೆಗಲ್ಲ ತಾನೇ?" ಅಂತ ಉಸಿರು ಬಿಗಿಹಿಡಿಯೋದು. ಅವನು ದಾಟಿ ಮುಂದೆ ಹೋದ ಮೇಲೆ "ಸದ್ಯ, ಬದುಕಿದ್ವಿ!" ಅನ್ನೋದು. ಅಷ್ಟಕ್ಕೇ ಸುಮ್ಮನಾದರೆ ಮನುಷ್ಯರೇ? ಯಾರ ಮನೆ ಬಾಗಿಲು ತಟ್ಟಿದ ಅಂತ ನೋಡೋಕೆ ಆಮೇಲೆ ಮೆಟ್ಟಿಲ ಮೇಲೇ ಬಂದು ನಿಲ್ಲೋರು.

ಹಾಗಂತ ಅವನೇನು ರಾಕ್ಷಸನಲ್ಲ. ಇರುವೆ ಸಾಲು ಕಂಡರೆ ಸುತ್ತಿ ಹೋಗುವ ಪ್ರಾಣಿ. ಫುಟ್‌ಬಾಲ್ ಕ್ಲಬ್ಬಿನಲ್ಲಿ ಸಾಮಾನು ಕೋಣೆ ನೋಡಿಕೊಳ್ಳೋನು. ಪ್ರೇಕ್ಷಕರು ಕೂರುವ ಮೆಟ್ಟಿಲುಗಳ ಅಡಿಯಲ್ಲಿ ಅವನ ಕೋಣೆ. ಎದ್ದು ನಿಂತರೆ ತಲೆ ತಾಗುವ ಇಳಿಜಾರು ಸೂರು, ಗೋಡೆಗೆ ಮರದ ಗೂಡುಗಳು, ಗೂಡಿಗೊಂದು ಜೋಡಿ ಬೂಟು, ಮೂಲೆಯಲ್ಲಿ ಗಾಳಿ ಹೊಡೆಯುವ ಪಂಪು, ಹಗ್ಗದ ಮೇಲೆ ಒಣಗುವ ಕಾಲುಚೀಲ. ಆ ಕಾಲುಚೀಲಗಳ ವಾಸನೆ ಹೇಗಿತ್ತು ಅಂದರೆ ಇಲಿಗಳೂ ಅಲ್ಲಿ ಸಂಸಾರ ಹೂಡಲಿಲ್ಲ. ತಲೆ ತುಂಬ ಕೂದಲಿದ್ದಾಗ ಆ ಕೋಣೆಗೆ ಸೇರಿದವನು. ಈಗ ತಲೆಯ ಮೇಲೆ ಉಳಿದಿದ್ದು ಸೂರಿಗೆ ತಾಗಿ ತಾಗಿ ಆದ ಗುಬುಟು ಮಾತ್ರ.

ಅಂಥವನನ್ನು ಕಂಡು ಜನ ಹೆದರುವುದಕ್ಕೆ ಕಾರಣ ಅವನಲ್ಲ. ಇಬ್ಬರು ದೊಡ್ಡ ಮನುಷ್ಯರ ಪುಕ್ಕಲುತನ. ಹೀಗೆ ನೇರವಾಗಿ ಹೇಳಿದರೆ ಊರವರಿಗೆ ಸಿಟ್ಟು ಬರುತ್ತದೆ. ಬರಲಿ, ನಿಜ ನಿಜವೇ.

ಮೊದಲನೆಯವರು ದೊಡ್ಡ ಯಜಮಾನರು. ಛತ್ರಿ ಕಾರ್ಖಾನೆ ಅವರದ್ದು, ತಂಡವೂ ಅವರದ್ದೇ. ಅಂಗಿಯ ಎದೆ ಮೇಲೆ ಛತ್ರಿಯ ಗುರುತು. ಎದುರು ತಂಡದವರು "ಬಂದ್ರಪ್ಪಾ ಛತ್ರಿಗಳು!" ಅಂತ ಆಡಿಕೊಂಡರೆ, "ಹೌದ್ರಪ್ಪಾ, ಬಿಚ್ಚಿದಾಗ ಗೊತ್ತಾಗತ್ತೆ" ಅಂತ ನಕ್ಕುಬಿಡೋರು. ಕಾಲು ಮುರಿದುಕೊಂಡ ಆಟಗಾರನನ್ನು ಅವರು ಯಾವತ್ತೂ ಕೈಬಿಟ್ಟವರಲ್ಲ. ಕಾರ್ಖಾನೆಯಲ್ಲಿ ಛತ್ರಿ ಮಡಚಿ ಕಟ್ಟುವ ಮೇಜಿನ ಮುಂದೆ ಅವನಿಗೊಂದು ಕುರ್ಚಿ ಹಾಕಿಸಿ, ಕಾಲು ಸರಿಹೋಗುವ ತನಕ ಕೂರಿಸೋರು. ಇನ್ನೊಬ್ಬರು ಹಳೇ ಕೋಚು. ಗಂಟಲು ತೆಗೆದರೆ ಮಾರ್ಕೆಟ್ಟಿನವರೆಗೂ ಕೇಳೋದು. "ಹೆದರಿ ಒದೀಬೇಡವೋ, ನೋಡಿ ಒದಿ!" ಅನ್ನೋದೊಂದೇ ಅವರ ಮಂತ್ರ. ಆ ಮಂತ್ರ ಎಷ್ಟು ಆಳಕ್ಕೆ ಇಳಿದಿತ್ತು ಅಂದರೆ, ಸೋಲುವ ಹೊತ್ತಿನಲ್ಲೂ ಛತ್ರಿ ತಂಡದವರು ಚೆಂಡನ್ನು ಎಲ್ಲೆಲ್ಲಿಗೋ ಎತ್ತಿ ಹಾಕುತ್ತಿರಲಿಲ್ಲ. ಕಾಲಡಿಯಲ್ಲಿ ಇಟ್ಟುಕೊಂಡು, ತಲೆ ಎತ್ತಿ ನೋಡಿ, ಜೊತೆಗಾರನಿಗೆ ಕೊಡೋರು. ಒಬ್ಬರು ತಂಡಕ್ಕೆ ಮರ್ಯಾದೆ ಕೊಟ್ಟರು, ಇನ್ನೊಬ್ಬರು ಆಟ ಕೊಟ್ಟರು. ಅದರಲ್ಲಿ ಎರಡು ಮಾತಿಲ್ಲ.

ಆದರೆ ಇಬ್ಬರಿಗೂ ಒಂದು ಕೆಲಸ ಆಗುತ್ತಿರಲಿಲ್ಲ. ಹೊಸ ಋತು ಶುರುವಾಗುವ ಮೊದಲು ಒಬ್ಬಿಬ್ಬರನ್ನು ತಂಡದಿಂದ ಬಿಡಬೇಕಲ್ಲ, ಆ ಮಾತನ್ನು ಅವರ ಮುಖ ನೋಡಿ ಹೇಳೋದು. ಮೊದಲ ವರ್ಷ ಯಜಮಾನರು "ನೀವು ಕೋಚು, ನೀವೇ ಹೇಳಿ" ಅಂದರು. ಕೋಚು "ನೀವು ಯಜಮಾನರು, ನಿಮ್ಮ ಬಾಯಲ್ಲಿ ಬಂದರೆ ತೂಕ" ಅಂದರು. ಬೆಕ್ಕಿಗೆ ಗಂಟೆ ಕಟ್ಟೋರು ಯಾರು? ಸಾಮಾನು ಕೋಣೆಯ ಬಾಗಿಲಲ್ಲೇ ನಿಂತು ಒಬ್ಬರನ್ನೊಬ್ಬರು ತಳ್ಳಾಡುತ್ತಿದ್ದರು. ಒಳಗೆ ಬೂಟಣ್ಣ, ಆಗಿನ್ನೂ ಎಳೇ ವಯಸ್ಸು, ಕೂತು ಒಂದು ಬೂಟಿಗೆ ಪಾಲಿಶ್ ತಿಕ್ಕುತ್ತಿದ್ದ. ಯಜಮಾನರ ಕಣ್ಣು ಅವನ ಮೇಲೆ ಬಿತ್ತು.

"ಲೋ, ಆ ಎಡಗಡೆ ಆಡ್ತಾನಲ್ಲ, ಅವನ ಬೂಟು ಚೆನ್ನಾಗಿ ಹೊಳೆಯೋ ಹಾಗೆ ಮಾಡಿ ಅವನ ಮನೆಗೆ ಕೊಟ್ಟು ಬಾ. ನಾವು ಕೊಟ್ಟಿದ್ದು, ಇಟ್ಟುಕೊಳ್ಳಲಿ ಅನ್ನು. ಮಿಕ್ಕಿದ್ದು ಅವನಿಗೇ ಅರ್ಥ ಆಗತ್ತೆ."

ಅರ್ಥ ಆಗಲಿಲ್ಲ. ಎಲ್ಲಿಂದ ಆಗಬೇಕು? ಅವನು ಹಿಗ್ಗಿ ಹೀರೇಕಾಯಿಯಾಗಿ "ಯಜಮಾನರಿಗೆ ನನ್ನ ಮೇಲೆ ಎಷ್ಟು ಪ್ರೀತಿ ನೋಡು" ಅಂತ ಹೆಂಡತಿಗೆ ತೋರಿಸಿದ. ಕೊನೆಗೆ ಬೂಟಣ್ಣನೇ ಬಾಯಿಬಿಟ್ಟು ಹೇಳಬೇಕಾಯಿತು. ಹೇಳಿ, ಅಲ್ಲೇ ಅವನ ಪಕ್ಕ ಕೂತು, ಅವನು ಅತ್ತು ಮುಗಿಸುವ ತನಕ ಕೂತು, ಎದ್ದು ಬಂದ.

ಯಜಮಾನರಿಗೂ ಕೋಚಿಗೂ ಇದು ಬಹಳ ಹಿಡಿಸಿತು. ಯಾಕೆ ಹಿಡಿಸಬಾರದು, ಅಳು ಕೇಳಿದ್ದು ಬೂಟಣ್ಣನ ಕಿವಿಗೆ ತಾನೇ! ಮಾರನೇ ವರ್ಷವೂ ಹಾಗೇ, ಅದರ ಮಾರನೇ ವರ್ಷವೂ ಹಾಗೇ. ಅದೇ ಪದ್ಧತಿಯಾಯಿತು. ಒಬ್ಬ ಬೂಟನ್ನು ಅವನ ಮೇಲೇ ಬೀಸಿ ಒಗೆದ. ಒಬ್ಬ ಇವನು ಬರುವುದು ಕಂಡು ಮಾಳಿಗೆ ಹತ್ತಿ ಕೂತವನು ಸಂಜೆಯಾದರೂ ಇಳಿಯಲಿಲ್ಲ. ಒಬ್ಬನ ತಾಯಿ ಮಾತ್ರ "ಪಾಪ, ನೀನೇನು ಮಾಡ್ತೀಯ" ಅಂತ ಟೀ ಕೊಟ್ಟಳು. ಆ ಟೀ ಅವನಿಗೆ ಬೈಗುಳಕ್ಕಿಂತ ಕಷ್ಟವಾಗಿ ಗಂಟಲಲ್ಲಿ ಇಳಿಯಿತು.

ಇದರಿಂದ ಇನ್ನೊಂದು ತಮಾಷೆಯಾಯಿತು. ಛತ್ರಿ ತಂಡದಲ್ಲಿ ಬೂಟಿಗೆ ಪಾಲಿಶ್ ಹಾಕಿಸುವುದೇ ನಿಂತುಹೋಯಿತು. ಬೂಟಣ್ಣ ಬ್ರಶ್ಶು ಹಿಡಿದು ಹತ್ತಿರ ಬಂದರೆ "ಅಯ್ಯೋ, ಮುಟ್ಟಬೇಡ ಮಾರಾಯ, ಕೈ ಮುಗೀತೀನಿ!" ಅಂತ ಬೂಟನ್ನು ಎದೆಗವಚಿಕೊಳ್ಳೋರು. ಒಣಗಿದ ಕೆಸರಿನ ಮೇಲೆ ಹೊಸ ಕೆಸರು. ಕಪ್ಪು ಗೆದ್ದ ವರ್ಷದ ಫೋಟೋ ನೋಡಿ, ಮೇಲೆ ಮುಖಗಳೆಲ್ಲ ಹೊಳೆಯುತ್ತವೆ, ಕೆಳಗೆ ಬೂಟು ಯಾವುದು ನೆಲ ಯಾವುದು ಗೊತ್ತಾಗಲ್ಲ. ಪತ್ರಿಕೆಯವರು ಅದಕ್ಕೂ ಒಂದು ಅರ್ಥ ಹಚ್ಚಿದರು, ದುಡಿಮೆಯ ಗುರುತಂತೆ, ನೆಲದ ಮೇಲಿನ ಪ್ರೀತಿಯಂತೆ. ಅದನ್ನೋದಿ ಊರಿನ ಮಕ್ಕಳು ಹೊಸ ಬೂಟಿಗೆ ಬೇಕಂತಲೇ ಕೆಸರು ಮೆತ್ತಿಕೊಂಡು ಮನೆಯಲ್ಲಿ ಒದೆ ತಿಂದರು. ಕೆಸರು ಬೂಟಿನ ತಂಡ ಅಂತಲೇ ಹೆಸರು ಬಿತ್ತು. ಬೂಟು ನೋಡಿಕೊಳ್ಳೋ ಕೆಲಸ ಇಟ್ಟುಕೊಂಡು ಒಂದು ಬೂಟನ್ನೂ ನೆಟ್ಟಗೆ ಒರೆಸುವ ಹಾಗಿಲ್ಲದ ಬೂಟಣ್ಣ ಇದನ್ನೆಲ್ಲ ನೋಡಿಕೊಂಡು ಸುಮ್ಮನಿದ್ದ.

ಇಂಥವನ ಕೋಣೆಗೆ ಹೆದರದೆ ಬಂದು ಹರಟೆ ಹೊಡೆಯುತ್ತಿದ್ದವನು ಒಬ್ಬನೇ, ಗೋಲಿನ ಮುಂದೆ ಗೋಡೆಯ ಹಾಗೆ ನಿಲ್ಲುತ್ತಿದ್ದ ಡಿಫೆಂಡರು. "ಎಷ್ಟು ಧೈರ್ಯ ಇವನಿಗೆ, ಎಂಥಾ ದೊಡ್ಡ ಮನಸ್ಸು" ಅಂತ ಬೂಟಣ್ಣ ಮನೆಗೆ ಬಂದು ಹೊಗಳಿದ್ದೇ ಹೊಗಳಿದ್ದು. ಹೆಂಡತಿ ಒಂದು ದಿನ ತಡೆಯಲಾರದೆ ಅಂದಳು: "ಧೈರ್ಯವೂ ಇಲ್ಲ, ದೊಡ್ಡ ಮನಸ್ಸೂ ಇಲ್ಲ. ನಿಮ್ಮ ಮಗಳು ಊಟದ ಡಬ್ಬಿ ತರೋ ಹೊತ್ತಿಗೇ ಅವನು ಬರ್ತಾನೆ. ಅಷ್ಟೂ ಕಾಣ್ಸಲ್ವಾ ನಿಮಗೆ?" ಕಂಡ ಮೇಲೆ ಇನ್ನೇನು, ಮದುವೆ ಮಾಡಿದರು. ಇವನು ನನ್ನ ಅಳಿಯ ಅಲ್ಲ, ಬರೀ ಮಗಳ ಗಂಡ ಅಂತ ಸ್ವಲ್ಪ ದಿನ ಮುಖ ಗಂಟಿಕ್ಕಿಕೊಂಡಿದ್ದ ಬೂಟಣ್ಣ ಆಮೇಲೆ ತಾನೇ ಮೇಲಿನ ಕೋಣೆಗೆ ಸುಣ್ಣ ಬಳಿದು ಇಬ್ಬರನ್ನೂ ಮನೆಯಲ್ಲೇ ಇಟ್ಟುಕೊಂಡ.

ಮದುವೆಗೆ ಮುಂಚೆ ಮಗಳು ಒಂದು ಮಾತು ಕೇಳಿದ್ದಳು. "ಅಪ್ಪ, ಯಾವತ್ತಾದ್ರೂ ಇವರ ಸರದಿ ಬರತ್ತೆ. ಎಲ್ಲರಿಗೂ ಬರತ್ತೆ, ನಂಗೊತ್ತು. ಆವತ್ತು ಆ ಬೂಟು ನೀನು ತರಬಾರದು. ನೀನೇ ತಂದು ಇವರ ಮುಂದಿಟ್ರೆ, ಆಮೇಲೆ ನಿಮ್ಮಿಬ್ಬರನ್ನೂ ಒಂದೇ ಸಾಲಲ್ಲಿ ಕೂರಿಸಿ ನಾನು ಊಟಕ್ಕೆ ಬಡಿಸೋದು ಹೇಗೆ?"

"ಆಯ್ತಮ್ಮ, ತರಲ್ಲ" ಅಂದಿದ್ದ ಬೂಟಣ್ಣ. ಎಂದೋ ಬರುವ ದಿನಕ್ಕೆ ಇವತ್ತು ಮಾತು ಕೊಡೋಕೆ ಕಷ್ಟವೇನು?

ಹಳೇ ಕೋಚು ತೀರಿಕೊಂಡರು. ದೊಡ್ಡ ಯಜಮಾನರೂ ಹೋದರು. ಕಾರ್ಖಾನೆ, ತಂಡ ಎರಡೂ ಅವರ ಮಗಳ ಕೈಗೆ ಬಂದವು. ಊರವರ ಬಾಯಲ್ಲಿ ಅವಳು ಚಿಕ್ಕ ಯಜಮಾನಿ. ಚುರುಕಿನ ಹೆಂಗಸು, ಅಪ್ಪ ಅಂದರೆ ಪ್ರಾಣ. ಅಪ್ಪ ಕೂರುತ್ತಿದ್ದ ಕುರ್ಚಿಯ ಸವೆದ ಬಟ್ಟೆಯನ್ನೂ ಬದಲಾಯಿಸಲು ಬಿಡಲಿಲ್ಲ. ಅವಳೇ ಹುಡುಕಿ ದೂರದ ಊರಿಂದ ಹೊಸ ಕೋಚನ್ನು ತಂದಳು. ತೆಳ್ಳಗೆ, ಮೆತ್ತಗೆ ಮಾತಾಡುವ ಮನುಷ್ಯ. ಕೂಗುವುದಿಲ್ಲ, ಬೈಯುವುದಿಲ್ಲ. ಆಟಗಾರರಿಗೆ ಶುರುವಿನಲ್ಲಿ ತಮ್ಮ ಕಿವಿಯೇ ಕೆಟ್ಟಿದೆಯೇನೋ ಅನ್ನಿಸಿತಂತೆ.

ಹೊಸ ಋತುವಿನ ಹೊಸ್ತಿಲು. ತಂಡದಿಂದ ಯಾರನ್ನು ಬಿಡುತ್ತಾರೋ ಅನ್ನುವ ವಾರ. ಆ ವಾರ ಬೂಟಣ್ಣನಿಗೆ ಊಟ ಸೇರುತ್ತಿರಲಿಲ್ಲ, ಅದು ಪ್ರತಿ ವರ್ಷದ ಕಾಯಿಲೆ. ಸಂಜೆ ಅಭ್ಯಾಸ ಮುಗಿದು ಎಲ್ಲರೂ ಹೋದ ಮೇಲೆ ಹೊಸ ಕೋಚು ತಲೆ ತಗ್ಗಿಸಿಕೊಂಡು ಸಾಮಾನು ಕೋಣೆಗೆ ಬಂದರು. ಗೂಡುಗಳ ಸಾಲು ನೋಡಿ, ಒಂದು ಜೋಡಿ ಎಳೆದು ಅವನ ಮುಂದಿಟ್ಟರು.

"ನಾಳೆ ಬೆಳಗ್ಗೆ ಹೊತ್ತಿಗೆ ಇದು ಕನ್ನಡಿ ಥರ ಹೊಳೀಬೇಕು. ಸದ್ಯಕ್ಕೆ ಯಾರಿಗೂ ಹೇಳ್ಬೇಡಿ, ಆಯ್ತಾ?"

ಬೂಟಣ್ಣ ನೋಡಿದ. ಅಳಿಯನ ಬೂಟು.

ಕೋಚು ಹೋದರು. ಬೂಟಣ್ಣ ಕೂತೇ ಇದ್ದ. ಅಳಿಯನ ಬಲ ಮಂಡಿ ಹೋದ ವರ್ಷದಿಂದ ಮೆಟ್ಟಿಲು ಹತ್ತುವಾಗ ಕಟಕಟ ಅನ್ನುತ್ತಿತ್ತು, ವಯಸ್ಸೂ ಆಯಿತು. ಬಿಡೋದು ಅನ್ಯಾಯ ಅನ್ನೋ ಹಾಗಿಲ್ಲ. ಅದೇ ಸಂಕಟ. ಅನ್ಯಾಯವಾಗಿದ್ದರೆ ಜಗಳವಾದರೂ ಆಡಬಹುದಿತ್ತು. ಅಭ್ಯಾಸಬಲ, ಕೈ ತಾನೇ ಬ್ರಶ್ಶಿಗೆ ಹೋಯಿತು. ಹಲ್ಲುಕಡ್ಡಿ ತೆಗೆದುಕೊಂಡು ಹೊಲಿಗೆಯ ಸಂದಿಯಿಂದ ಕೆಸರು ಕೆರೆದ, ಒದ್ದೆ ಬಟ್ಟೆಯಲ್ಲಿ ಒರೆಸಿದ, ಪಾಲಿಶ್ ಹಚ್ಚಿ ತಿಕ್ಕಿದ. ಎಡಗಾಲಿನದು ಫಳಫಳ ಅಂದಿತು. ಬಲಗಾಲಿನದನ್ನು ಕೈಗೆತ್ತಿಕೊಂಡ, ಇಟ್ಟ, ಮತ್ತೆ ಎತ್ತಿಕೊಂಡ. ಆಗಲಿಲ್ಲ. ಎರಡನ್ನೂ ಗೂಡಿನ ಹಿಂದೆ ಸರಿಸಿ ಮನೆಗೆ ಹೊರಟ.

ಮನೆಯಲ್ಲಿ ಕೈ ತೊಳೆದ, ಸೋಪು ಹಚ್ಚಿ ಇನ್ನೊಮ್ಮೆ ತೊಳೆದ. ಪಾಲಿಶ್ ವಾಸನೆ ಅಂಥಾ ಸುಲಭಕ್ಕೆ ಹೋಗುತ್ತದೆಯೇ? ಹೆಂಡತಿ ಮೂಗು ಎತ್ತಿದವಳೇ ಎಂದಿನಂತೆ ಕೇಳಿದಳು: "ಈ ಸಲ ಯಾರ ಮನೆ?" ಪ್ರತಿ ವರ್ಷ ಇಂಥವರ ಮನೆ ಅಂತ ಹೇಳಿ, ಇಬ್ಬರೂ "ಪಾಪ" ಅಂದು, ಆಮೇಲೆ ತಟ್ಟೆ ಹಾಕುವುದು ರೂಢಿ.

"ಯಾರದ್ದೂ ಇಲ್ಲ."

ಮಗಳು ಬಡಿಸುತ್ತಿದ್ದಳು. ಸೌಟು ಪಾತ್ರೆಯಲ್ಲೇ ನಿಂತಿತು. ಅಳಿಯ ನಗುತ್ತಾ, "ಏನ್ ಮಾವ, ಊಟಕ್ಕೆ ಕೂತೋರು ತಟ್ಟೆ ಜೊತೆ ಮಾತಾಡ್ತಿದೀರಲ್ಲ, ತಲೆ ಎತ್ತಿ" ಅಂದ. ಬೂಟಣ್ಣ ತಲೆ ಎತ್ತಲಿಲ್ಲ. "ಊಟ ಮಾಡಪ್ಪ" ಅಂದ. ಅಷ್ಟೆ. ಆಮೇಲೆ ಆ ಮನೆಯಲ್ಲಿ ಯಾರೂ ಜೋಕು ಹೇಳಲಿಲ್ಲ.

ಬೆಳಗ್ಗೆ ಬೂಟಣ್ಣ ಏಳುವಷ್ಟರಲ್ಲಿ ಅಳಿಯ ಆಗಲೇ ಹೊರಟುಹೋಗಿದ್ದ. ಮಗಳು ಬಾಗಿಲಲ್ಲಿ ನಿಂತಿದ್ದಳು. ಏನೂ ಕೇಳಲಿಲ್ಲ, ಕೊಟ್ಟ ಮಾತನ್ನೂ ನೆನಪಿಸಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು ಅಂದುಕೊಂಡ ಅವನು. ದಾರಿಯುದ್ದಕ್ಕೂ ತನ್ನಷ್ಟಕ್ಕೇ ಗೊಣಗಿಕೊಂಡ: ಅತ್ತ ಹೋದರೆ ದರಿ, ಇತ್ತ ಬಂದರೆ ಪುಲಿ. ಒಯ್ದು ಕೊಟ್ಟರೆ ಮಗಳನ್ನು ಕಳಕೊಳ್ತೀನಿ, ಒಯ್ಯಲ್ಲ ಅಂದರೆ ಕೆಲಸ ಕಳಕೊಳ್ತೀನಿ. ಹೋಗಲಿ ಕೆಲಸ! ಗುಬುಟಾದರೂ ಮಾಯುತ್ತದೆ.

ಕೋಣೆಗೆ ಹೋಗಿ ಬೂಟು ಎತ್ತಿಕೊಂಡು ನೇರ ಆಫೀಸಿಗೆ ನುಗ್ಗಿದ. ಕೋಚೂ ಇದ್ದರು, ಚಿಕ್ಕ ಯಜಮಾನಿಯೂ ಇದ್ದಳು. ಹೊಳೆಯುವ ಒಂದು, ಕೆಸರಿನದೊಂದು, ಎರಡನ್ನೂ ಮೇಜಿನ ಮೇಲೆ, ಅವರ ಟೀ ಕಪ್ಪುಗಳ ಪಕ್ಕದಲ್ಲೇ ಇಟ್ಟ.

"ಸಾರ್, ಒಂದು ಮಾಡಿದೀನಿ. ಇನ್ನೊಂದು ನನ್ನ ಕೈಲಾಗಲ್ಲ. ಇಷ್ಟು ವರ್ಷ ಯಾವತ್ತೂ ಆಗಲ್ಲ ಅಂದೋನಲ್ಲ. ಇದೊಂದು ಆಗಲ್ಲ. ಕೆಲಸ ಬಿಡು ಅಂದ್ರೆ ಬಿಡ್ತೀನಿ."

ಕೋಚು ಕಣ್ಣು ಕಣ್ಣು ಬಿಟ್ಟರು. "ಒಂದು ಬೂಟಿಗೆ ಯಾರಾದ್ರೂ ಕೆಲಸ ಬಿಡ್ತಾರೇನ್ರೀ? ಪಾಲಿಶ್ ಮುಗೀತಾ? ತರಿಸೋಣ ಬಿಡಿ."

"ಪಾಲಿಶ್ ಇದೆ ಸಾರ್, ಮುಖ ಇಲ್ಲ. ಅವನು ನನ್ನ ಮಗಳ ಗಂಡ. ತಂಡಕ್ಕೆ ಅವನು ಬೇಡ ಅಂದ್ರೆ ನೀವೇ ಹೋಗಿ ಹೇಳಿ. ನಾನು ಹೇಳಲ್ಲ."

"ಬೇಡ ಅಂತ ಯಾರ್ರೀ ಹೇಳಿದ್ದು? ಕ್ಯಾಪ್ಟನ್ ಮಾಡ್ತಿದೀನಿ ಅವನನ್ನ! ಮಧ್ಯಾಹ್ನ ಎಲ್ಲರ ಮುಂದೆ ಹೇಳೋಣ ಅಂತಿದ್ದೆ. ಯಜಮಾನಿ ಅಮ್ಮನ ಜೊತೆ ನಿಲ್ಲಿಸಿ ಫೋಟೋ ತೆಗೆಸ್ಬೇಕು, ಬೂಟು ನೋಡಿದ್ರೆ ಹೊಲ ಉತ್ತುಬಂದ ಹಾಗಿತ್ತು, ಅದಕ್ಕೇ..."

ಬೂಟಣ್ಣನ ಕಿವಿಗೆ ಬಿತ್ತು, ಒಳಗೆ ಇಳಿಯಲಿಲ್ಲ. "ಇನ್ನೊಂದ್ಸಲ ಹೇಳಿ" ಅಂದ. ಕೋಚು ಇನ್ನೊಂದು ಸಲ ಹೇಳಿದರು. ಹೋದ ಜೀವ ಬಂದ ಹಾಗಾಯಿತು. ಸತ್ಯವಾಗಿ ಹೇಳುತ್ತೇನೆ, ಆ ಮನುಷ್ಯ ಕುರ್ಚಿ ಹುಡುಕದೆ ನೆಲದ ಮೇಲೇ ಕೂತುಬಿಟ್ಟ. ನಗುತ್ತಿದ್ದಾನೋ ಅಳುತ್ತಿದ್ದಾನೋ ಅವನಿಗೇ ತಿಳಿಯಲಿಲ್ಲ. ಎದೆಯ ಮೇಲಿನ ಬಂಡೆ ಜರುಗಿತಲ್ಲ, ಅದರಡಿಯಲ್ಲಿ ಇಷ್ಟು ವರ್ಷ ಕೂಡಿಟ್ಟಿದ್ದ ಸಿಟ್ಟೂ ಒಟ್ಟಿಗೇ ಉಕ್ಕಿತು.

"ಮತ್ತೆ ಪಾಲಿಶ್ ಯಾಕ್ರೀ ಮಾಡಿಸಿದ್ರಿ?" ಅಂತ ಕಿರುಚಿದ. ಹಳೇ ಕೋಚಿನ ಗಂಟಲು ಕೂಡ ಅಷ್ಟು ದೂರ ಹೋಗುತ್ತಿರಲಿಲ್ಲವೇನೋ. "ಈ ಕ್ಲಬ್ಬಲ್ಲಿ ಯಾರ ಬೂಟಾದ್ರೂ ಪಾಲಿಶ್ ಆಯ್ತು ಅಂದ್ರೆ ಏನರ್ಥ ಅಂತ ಗೊತ್ತಾ ನಿಮಗೆ?"

ಅವರಿಗೆ ಗೊತ್ತಿರಲಿಲ್ಲ. ಇಬ್ಬರಿಗೂ ಗೊತ್ತಿರಲಿಲ್ಲ. ನೆಲದ ಮೇಲೆ ಕೂತೇ ಬೂಟಣ್ಣ ಎಲ್ಲವನ್ನೂ ಹೇಳಿದ. ಮಾಳಿಗೆ ಹತ್ತಿದವನು, ಬೂಟು ಬೀಸಿದವನು, ಟೀ ಕೊಟ್ಟ ತಾಯಿ, ಎಲ್ಲವನ್ನೂ. ಕೋಚು ಯಜಮಾನಿಯ ಕಡೆ ತಿರುಗಿದರು. "ಇಬ್ಬರನ್ನ ಬಿಡಬೇಕು ಅಂತ ನಾನು ಹೇಳಿದಾಗ, ಅದಕ್ಕೊಂದು ಪದ್ಧತಿ ಇದೆ, ಅಪ್ಪನ ಕಾಲದ್ದು, ನೀವು ತಲೆ ಕೆಡಿಸ್ಕೋಬೇಡಿ ಅಂದ್ರಲ್ಲಮ್ಮ, ಅದು ಇದೇನಾ?"

"ಪದ್ಧತಿ ಇದೆ ಅಂತ ಅಪ್ಪ ಹೇಳ್ತಿದ್ರು. ಏನು ಅಂತ ನಾನು ಕೇಳಿರ್ಲಿಲ್ಲ." ಅವಳ ಮುಖ ಸಪ್ಪಗಾಗಿತ್ತು. "ನಮ್ಮ ತಂಡದಿಂದ ಯಾರೂ ಅಳ್ತಾ ಹೋಗಿಲ್ಲ ಅಂತ ಅಪ್ಪನಿಗೆ ಎಷ್ಟು ಹೆಮ್ಮೆ ಇತ್ತು ಗೊತ್ತಾ."

"ನಿಮ್ಮಪ್ಪ ದೇವರಂಥೋರು, ಅಮ್ಮ. ಅವರ ಮುಂದೆ ಯಾರೂ ಅಳ್ಲಿಲ್ಲ, ಅದು ನಿಜ. ಎಲ್ಲಾ ನನ್ನ ಮುಂದೆ ಅತ್ರು."

ಕೋಚು ಎರಡೂ ಕೈಯಿಂದ ಮುಖ ಉಜ್ಜಿಕೊಂಡು ಅಂದರು: "ಸುಳ್ಳು ಯಾಕೆ ಹೇಳ್ಲಿ, ಪದ್ಧತಿ ಇದೆ ಅಂದಾಗ ನಂಗೂ ಸದ್ಯ ಬಚಾವಾದೆ ಅನ್ನಿಸ್ತು. ಆ ಮಾತು ಹೇಳೋಕೆ ನಂಗೂ ಹೆದರಿಕೆ." ಚಿಕ್ಕ ಯಜಮಾನಿ ಎದ್ದು ನಿಂತಳು. ಅಪ್ಪನ ಕುರ್ಚಿಯ ಬೆನ್ನನ್ನು ಹಿಡಿದುಕೊಂಡಿದ್ದ ಕೈ ತೆಗೆದಳು. "ಆ ಇಬ್ಬರ ಮನೆಗೂ ನಾವೇ ಹೋಗೋಣ. ಇಬ್ಬರೂ. ಈಗಲೇ ಹೋಗ್ಬೇಕು, ಇಲ್ಲಾಂದ್ರೆ ಮಧ್ಯಾಹ್ನದ ಹೊತ್ತಿಗೆ ನನ್ನ ಧೈರ್ಯ ಹೋಗ್ಬಿಡತ್ತೆ."

ಬೂಟಣ್ಣ ಬೂಟು ಎತ್ತಿಕೊಂಡು ಸಾಮಾನು ಕೋಣೆಗೆ ಓಡಿದ. ಅಳಿಯನನ್ನು ಎಲ್ಲಿ ಹುಡುಕಲಿ ಅಂತ ಯೋಚನೆ. ಹುಡುಕಬೇಕಾಗಲಿಲ್ಲ. ಅಳಿಯ ಅಲ್ಲೇ, ಗಾಳಿ ಪಂಪಿನ ಪಕ್ಕದ ಮೊಳಕಾಲೆತ್ತರದ ಸ್ಟೂಲಿನ ಮೇಲೆ ಕೂತಿದ್ದ. ತನ್ನ ಗೂಡು ಖಾಲಿ ಮಾಡಿದ್ದ. ಅಂಗಿ, ಕಾಲುಚೀಲ, ಮಂಡಿಗೆ ಕಟ್ಟುವ ಪಟ್ಟಿ, ಎಲ್ಲ ಮಡಚಿ ಚೀಲದಲ್ಲಿತ್ತು. ಮಾವನ ಕೈಯಲ್ಲಿದ್ದ ಹೊಳೆಯುವ ಬೂಟು ನೋಡಿ ಎದ್ದು ನಿಂತ.

"ಇಲ್ಲೇ ಕೊಟ್ಬಿಡಿ, ಮಾವ. ಮನೆಗೆ ತರಬೇಡಿ. ಅದಕ್ಕೇ ಬೇಗ ಬಂದು, ಇಷ್ಟೊತ್ತು ಮೈದಾನ ಸುತ್ತಿ, ಈಗ ಇಲ್ಲಿ ಕೂತೆ. ನೀವು ಅವಳಿಗೆ ಮಾತು ಕೊಟ್ಟಿದೀರಂತೆ, ನನ್ನಿಂದ ಅದು ಮುರಿಯೋದು ಬೇಡ. ನಾನೇ ಬಿಟ್ಟು ಬಂದೆ ಅಂತ ಹೇಳ್ತೀನಿ."

ಇಷ್ಟು ವರ್ಷ ಕೆಟ್ಟ ಸುದ್ದಿ ಹೇಳಿ ಹೇಳಿ ಪಳಗಿದ್ದ ಬೂಟಣ್ಣನ ನಾಲಿಗೆ, ಒಳ್ಳೆಯದೊಂದನ್ನು ಹೇಳು ಅಂದರೆ ಹೊರಳಲೇ ಇಲ್ಲ. "ಕ್ಯಾಪ್ಟನ್ನು ಕಣೋ! ಕತ್ತೆ! ಕ್ಯಾಪ್ಟನ್ ಮಾಡಿದಾರೆ ನಿನ್ನ!" ಅಂದವನು ಅಳಿಯನ ಬೆನ್ನಿಗೆ ಅದೇ ಬೂಟಿನಿಂದ ಒಂದು ಬಾರಿಸಿದ. ಅಳಿಯ ನಂಬಲಿಲ್ಲ. ಇನ್ನೊಂದು ಬಾರಿಸಿ ನಂಬಿಸಬೇಕಾಯಿತು. ಆಮೇಲೆ ಇಬ್ಬರೂ ಆ ತಗ್ಗು ಸೂರಿನ ಅಡಿಯಲ್ಲಿ ಒಬ್ಬರನ್ನೊಬ್ಬರು ತಬ್ಬಿಕೊಂಡು ನಿಂತರು. ಅಷ್ಟು ಹೊತ್ತೂ ಹುಲಿಯ ಹಾಗಿದ್ದ ಡಿಫೆಂಡರು ಮಾವನ ಹೆಗಲ ಮೇಲೆ ಮುಖ ಇಟ್ಟು ಬಿಕ್ಕಿ ಬಿಕ್ಕಿ ಅತ್ತ. ಬೂಟಣ್ಣ ಅಳುವವರನ್ನು ಬಹಳ ನೋಡಿದ್ದ. ಇಷ್ಟು ಹಗುರಾಗಿ ನಿಂತು ನೋಡಿದ್ದು ಇದೇ ಮೊದಲು.

"ಹೋಗು, ಮೊದಲು ಮನೆಗೆ ಓಡು. ಅವಳು ಬಾಗಿಲಲ್ಲೇ ನಿಂತಿದಾಳೆ" ಅಂದ. ಅಳಿಯ ಚೀಲ ಅಲ್ಲೇ ಬಿಟ್ಟು, ಕಟಕಟ ಅನ್ನುವ ಮಂಡಿಯನ್ನೂ ಲೆಕ್ಕಿಸದೆ ಓಡಿದ.

ಬೂಟಣ್ಣ ಸ್ಟೂಲಿನ ಮೇಲೆ ಕುಸಿದ. ಕೆಸರಿನ ಬೂಟು ತೊಡೆಯ ಮೇಲಿಟ್ಟುಕೊಂಡು, ಹೊಲಿಗೆಯಿಂದ ಮಣ್ಣು ಕೆರೆಯತೊಡಗಿದ. ಫೋಟೋಕ್ಕೆ ಹೊತ್ತಾಗುತ್ತಿತ್ತು. ಬಾಗಿಲಲ್ಲಿ ನೆರಳು ಬಿತ್ತು. ಹೊಸ ಕೋಚು. ಅವರ ಹಿಂದೆ ಚಿಕ್ಕ ಯಜಮಾನಿ, ಸೆರಗನ್ನು ಬೆರಳಿಗೆ ಸುತ್ತಿ ಬಿಚ್ಚಿ ಮಾಡುತ್ತಿದ್ದಳು. ಇಬ್ಬರೂ ಪರೀಕ್ಷೆಗೆ ಹೊರಟವರ ಹಾಗಿದ್ದರು.

"ಆ ಎರಡನೇ ಗೋಲ್‌ಕೀಪರ್ ಮನೆ..." ಕೋಚು ಕೆಮ್ಮಿದರು. "ಎಲ್ಲಿ ಬರತ್ತೆ? ನಾವು ಯಾವತ್ತೂ ಹೋಗಿಲ್ಲ."

ಬೂಟಣ್ಣನ ಕಾಲು ಅಭ್ಯಾಸದಂತೆ ಏಳಲು ಹೊರಟಿತು. ಅವನು ಅದನ್ನು ಹಾಗೇ ನೆಲಕ್ಕೆ ಒತ್ತಿ ಹಿಡಿದ.

"ಗೇಟು ದಾಟಿ ಎಡಕ್ಕೆ ತಿರುಗಿ. ಹಸಿರು ಬಾಗಿಲು. ಹೇಳಿದ ತಕ್ಷಣ ಎದ್ದು ಬರಬೇಡಿ, ಸ್ವಲ್ಪ ಹೊತ್ತು ಕೂತಿರಿ" ಅಂದ.